ಗೇಜು ಬಿಚ್ಚಿಸುವ ಗಂಗಾಂಬಿಕಾ

ಚಳ್ಳಕೆರೆಯ ಹೊರವಲಯದ ಆ ಎಣ್ಣೆ ಮಿಲ್ಲಿನ ಗೇಟು ಇನ್ನೂ ತೆರೆದಿಲ್ಲ. ಮೂಡಣ ಈಗಷ್ಟೇ ಕೆಂಪಾಗುತ್ತಿದೆ. ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಹತ್ತಿ ಸೀರೆಯುಟ್ಟ, ನಲವತ್ತು ದಾಟಿದ ಹೆಂಗಸೊಬ್ಬರು ಹೆಗಲ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಕಣ್ಣು ಮಾತ್ರ ಗೇಟಿನ ಮೇಲೆ. ಯಾರು ಬಂದರು, ಯಾರ ಮೈಮೇಲೆ ಅಂಗಡಿಯ ಮಡಿಕೆ ಇನ್ನೂ ಬಿಚ್ಚದ ಹೊಸ ಯೂನಿಫಾರ್ಮ್ ಇದೆ, ಯಾವ ಲಾರಿ ಒಳಗೆ ಹೋಗದೆ ದೂರದಲ್ಲೇ ನಿಂತಿದೆ, ಎಲ್ಲವನ್ನೂ ನೋಡುತ್ತಾರೆ. ಗೇಟಿನ ವಾಚ್‌ಮನ್‌ಗೆ ಅಷ್ಟೊತ್ತಿನಿಂದ ಇವರ ಮೇಲೆ ಅನುಮಾನ. ಕೊನೆಗೆ ತಡೆಯಲಾರದೆ ರಸ್ತೆ ದಾಟಿ ಬಂದು, "ಯಾರು ಬೇಕಾಗಿತ್ತು ಮೇಡಂ? ಕುದಾಪುರದ ಸರ್ಕಾರಿ ಆಫೀಸಿನೋರಾ?" ಎಂದು ಕೇಳುತ್ತಾನೆ. "ಇಲ್ಲಪ್ಪ, ನಿಮ್ಮ ಮಿಲ್ಲಿಗೇ ಬಂದೀನಿ. ಹೊತ್ತಾಗ್ಲಿ, ಒಳಗೆ ಬರ್ತೀನಿ" ಎಂಬ ಉತ್ತರ ಕೇಳಿ ಅವನ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ.

ಗಾಳಿಯಲ್ಲಿ ಹುರಿದ ಶೇಂಗಾದ ವಾಸನೆ. ಅದರ ಜೊತೆಗೆ ಹಸಿ ಸುಣ್ಣದ್ದೂ ಇದೆ. "ನಿನ್ನೆ ಸುಣ್ಣ ಹೊಡ್ದವ್ರೆ" ಎಂದು ಆಕೆ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. "ಏನು ಮುಚ್ಚಾಕೆ ಅಂತ ನೋಡ್ಬೇಕು."

ಇವರು ಗಂಗಾಂಬಿಕಾ. ಕಾರ್ಖಾನೆಗಳ ಗೋಡೆಗಳಲ್ಲಿ ಕಟ್ಟು ಹಾಕಿಸಿ ತೂಗುಬಿಡುವ ಗುಣಮಟ್ಟದ ಸರ್ಟಿಫಿಕೇಟನ್ನು ನಾವೆಲ್ಲ ನೋಡಿದ್ದೇವೆ. ಮೂರು ವರ್ಷಕ್ಕೊಮ್ಮೆ ಸಿಗುವ ಆ ಕಾಗದ ಗೋಡೆಯ ಮೇಲೆ ಉಳಿಯಬೇಕಾದರೆ ನಡುವಿನ ಪ್ರತಿ ವರ್ಷವೂ ಹೊರಗಿನವರೊಬ್ಬರು ಬಂದು, ಬರೆದಂತೆ ನಡೆಯುತ್ತಿದ್ದಾರೋ ಇಲ್ಲವೋ ಎಂದು ನೋಡಿ ಹೋಗಬೇಕು. ಆ ಹೊರಗಿನವರು ಇವರೇ. ಬೆಂಗಳೂರಿನ ಸಂಸ್ಥೆಯೊಂದು ಇವರಿಗೆ ಕೆಲಸ ಹಚ್ಚುತ್ತದೆ. ಇವರು ಬಸ್ಸು ಹತ್ತುತ್ತಾರೆ. ಊರವರ ಬಾಯಲ್ಲಿ ಇವರ ಹೆಸರು ಆಡಿಟ್ ಅಕ್ಕ. ಅಕ್ಕ ಎಂಬುದು ಬಾಯಿಮಾತಿಗೆ, ಪ್ರೀತಿಗೇನಲ್ಲ.

ಈ ಪುರವಣಿಯಿಂದ ಮೊದಲು ಫೋನ್ ಹೋದಾಗಲೂ ಗಂಗಾಂಬಿಕಾ ಖುಷಿಪಡಲಿಲ್ಲ. "ನನ್ನ ಬಗ್ಗೆ ಯಾಕೆ ಬರೀತೀರಿ? ಯಾರು ಹೇಳಿ ಕಳಿಸಿದ್ರು?" ಎಂದು ಕೇಳಿದ್ದರು. ಗುರುತಿನ ಚೀಟಿಯ ಫೋಟೊ ತರಿಸಿಕೊಂಡು, ಪತ್ರಿಕೆಯ ಕಚೇರಿಗೆ ಬೇರೆ ನಂಬರಿನಿಂದ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಹೂಂ ಅಂದದ್ದು. ಅದಕ್ಕೂ ಒಂದು ಷರತ್ತಿತ್ತು: ಮಿಲ್ಲಿನ ಹೆಸರು ಬರಬಾರದು, ಮಿಲ್ಲಿನವರ ಹೆಸರು ಬದಲಾಗಬೇಕು. ಹಾಗೆಯೇ ಮಾಡಲಾಗಿದೆ.

ತವರು ನನ್ನಿವಾಳ. ಅಪ್ಪ ಶೇಂಗಾ ಬೆಳೆದು ಮಕ್ಕಳನ್ನು ಓದಿಸಿದವರು. ಚಿತ್ರದುರ್ಗದಲ್ಲಿ ಬಿ.ಎಸ್ಸಿ. ಮುಗಿಸಿದ ಗಂಗಾಂಬಿಕಾ ಎಣ್ಣೆ ಮಿಲ್ಲೊಂದರ ಲ್ಯಾಬಿನಲ್ಲಿ ಸೀಸೆ ತೊಳೆಯುವುದರಿಂದ ಶುರುಮಾಡಿ, ಕೊನೆಗೆ ಎಣ್ಣೆ ಪರೀಕ್ಷೆಯವರೆಗೂ ಬಂದರು. ಆ ದಿನಗಳಲ್ಲಿ ಆಡಿಟ್ ಬಂತೆಂದರೆ ಹಳೆಯ ಡಬ್ಬಿಗಳನ್ನೆಲ್ಲ ಗೋದಾಮಿನ ಹಿಂದೆ ಅಡಗಿಸುವ ಕೆಲಸ ಇವರದೇ. "ನಾನೇ ಅಡಗಿಸಿಟ್ಟೋಳು, ಹಂಗಾಗಿ ಎಲ್ಲಿ ಹುಡುಕ್ಬೇಕು ಅಂತ ಗೊತ್ತು" ಎಂದು ನಗುತ್ತಾರೆ. ಮದುವೆಯಾಗಿ ಮೊಳಕಾಲ್ಮೂರು ಸೇರಿದ ಮೇಲೆ, ರೇಷ್ಮೆ ನೂಲಿನ ಅಂಗಡಿ ಇಟ್ಟಿರುವ ಗಂಡ ಅಮರೇಶ್ ಅವರನ್ನು ಒಪ್ಪಿಸಿ ಆಡಿಟರ್ ತರಬೇತಿ ಪಡೆದರು. ಅತ್ತೆಮನೆಯವರಿಗೆ ಮಾತ್ರ ಇವತ್ತಿಗೂ ಈ ಕೆಲಸ ಏನೆಂದು ಪೂರ್ತಿ ನಂಬಿಕೆಯಿಲ್ಲ. ದಿನಬೆಳಗಾದರೆ ಬೇರೆಯವರ ತಪ್ಪು ಹುಡುಕಿಕೊಂಡು ಬಸ್ಸು ಹತ್ತುವ ಸೊಸೆ ಯಾರಿಗೆ ತಾನೇ ಇಷ್ಟವಾದಾಳು.

ಮೊಳಕಾಲ್ಮೂರಿನಿಂದ ಮೊದಲ ಬಸ್ಸು ಹಿಡಿದು, ಹಾನಗಲ್ಲು, ತಳಕು ದಾಟಿ ಚಳ್ಳಕೆರೆಗೆ ಬರುವಷ್ಟರಲ್ಲಿ ಮೈಕೈ ನುಗ್ಗಾಗಿರುತ್ತದೆ. ಎಷ್ಟೋ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಶೌಚಾಲಯವೇ ಇರುವುದಿಲ್ಲ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿ, ಮೂತ್ರಪಿಂಡದಲ್ಲಿ ಕಲ್ಲು ಮಾಡಿಕೊಂಡಿದ್ದಾರೆ. ಚಳ್ಳಕೆರೆಯ ಮದುವೆ ಮನೆಗಳಲ್ಲಿ ಮಿಲ್ಲಿನ ಮಾಲೀಕರು ಇವರ ಪಕ್ಕದ ಎಲೆಗೆ ಕೂರಲು ಹಿಂದೆಮುಂದೆ ನೋಡುತ್ತಾರೆ. ನೆಂಟರ ಮಿಲ್ಲಿಗೆ ಇವರು ಕಾಲಿಡುವುದಿಲ್ಲ. ಆದರೂ ನೆಂಟರಿಗೆ ಸಿಟ್ಟು, "ನಮ್ಮ ಹುಡ್ಗಿ ಇದ್ದೂ ಏನು ಬಂತು" ಎಂದು. ಮೊಳಕಾಲ್ಮೂರಿನಲ್ಲಿ ನೂಲಿಗೆ ಬಣ್ಣ ಹಾಕುವ ಘಟಕವೊಂದರ ಅಜ್ಜ ಇವರನ್ನು ಇನ್ನೂ ತೆರಿಗೆಯವರೆಂದೇ ತಿಳಿದಿದ್ದಾನೆ. ಪ್ರತಿ ವರ್ಷವೂ "ಏಮಮ್ಮಾ, ಮಳ್ಳೀ ವಚ್ಚಾವಾ" ಎಂದು ತೆಲುಗಿನಲ್ಲಿ ಸ್ವಾಗತಿಸಿ, ಮತ್ತೆ ಬಂದದ್ದಕ್ಕೆ ಒಂದು ದೀರ್ಘ ನಿಟ್ಟುಸಿರು ಬಿಡುತ್ತಾನೆ.

ಗೇಟು ತೆರೆಯುತ್ತದೆ. ಮಾಲೀಕ ಮಹಾಂತೇಶ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಎದುರು ಬಂದು ಕೈಮುಗಿಯುತ್ತಾರೆ. ಆಫೀಸಿನ ಮೇಜಿನ ಮೇಲೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಆಗಲೇ ಕಾದಿವೆ. "ಆಮೇಲೆ ನೋಡಾಣ" ಎಂದು ಗಂಗಾಂಬಿಕಾ ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತಾರೆ. ಆ ಆಮೇಲೆ ಯಾವತ್ತೂ ಬರುವುದಿಲ್ಲ. ಅವರ ಚೀಲದಲ್ಲಿ ಮನೆಯ ರೊಟ್ಟಿ, ಶೇಂಗಾ ಚಟ್ನಿ ಇವೆ. ಈ ಸೀಮೆಯಲ್ಲಿ ಕೊಟ್ಟದ್ದನ್ನು ತಿನ್ನದಿದ್ದರೆ ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿದ್ದಾರೆ ಎಂದೇ ಅರ್ಥ. ಮಹಾಂತೇಶ್ ಅವರ ಮುಖ ಸಪ್ಪಗಾಗುತ್ತದೆ. ಅವರ ಚಿಂತೆಗೆ ಕಾರಣವಿದೆ. ಬೆಂಗಳೂರಿನ ಕುರುಕಲು ತಿಂಡಿಯ ಕಂಪನಿಯೊಂದು ಇವರ ಎಣ್ಣೆ ಕೊಳ್ಳುವುದು ಗೋಡೆಯ ಮೇಲಿನ ಆ ಸರ್ಟಿಫಿಕೇಟು ನೋಡಿಯೇ.

ಮಿಲ್ಲಿನೊಳಗೆ ಶೇಂಗಾ ಬೀಜವನ್ನು ಹದವಾಗಿ ಕಾಯಿಸುವ ನಾಲ್ಕು ದೊಡ್ಡ ಕೆಟಲ್‌ಗಳಿವೆ. ಒಂದೊಂದರ ಹೊಟ್ಟೆಯ ಮೇಲೂ ಶಾಖ ತೋರಿಸುವ ಗೇಜು, ನೋಡಲು ದುಂಡನೆಯ ಗಡಿಯಾರದ ಹಾಗೆ. ನಾಲ್ಕೂ ನೋಡಲು ಒಂದೇ, ಆದರೆ ನಾಲ್ಕರ ಸ್ವಭಾವ ಬೇರೆ ಬೇರೆ. ಒಂದು ಇರುವುದಕ್ಕಿಂತ ಹೆಚ್ಚು ತೋರಿಸಿದರೆ ಇನ್ನೊಂದು ಕಡಿಮೆ ತೋರಿಸುತ್ತದೆ. ಪರೀಕ್ಷೆಯ ಲ್ಯಾಬಿನವರು ಇದನ್ನು ಗುರುತಿಸಿ ಕೊಟ್ಟಿರುತ್ತಾರೆ. ಕೆಟಲ್ ನೋಡಿಕೊಳ್ಳುವವನು ಅದರ ಪ್ರಕಾರ ಉರಿಯನ್ನು ಏರಿಸುತ್ತಾನೆ, ಇಳಿಸುತ್ತಾನೆ. ಯಾವ ನಂಬರಿನ ಗೇಜು ಯಾವ ಕೆಟಲ್ಲಿನದು ಎಂಬುದನ್ನು ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ.

ಗಂಗಾಂಬಿಕಾ ಮೊದಲ ಕೆಟಲ್ಲಿನ ಗೇಜಿಗೆ ಕಣ್ಣು ಹತ್ತಿರ ಒಯ್ಯುತ್ತಾರೆ. ಹಲಗೆ ನೋಡುತ್ತಾರೆ. ಮತ್ತೆ ಗೇಜು ನೋಡುತ್ತಾರೆ. ನಂಬರು ಬೇರೆ.

"ಇದು ಇಲ್ಲಿಂದಲ್ಲ" ಎಂದಷ್ಟೇ ಹೇಳುತ್ತಾರೆ.

ಅಷ್ಟು ಸಾಕಾಯಿತು. ಮಹಾಂತೇಶ್ ಗರಕ್ಕನೆ ಫಿಟ್ಟರ್ ಮಾರುತೇಶನ ಕಡೆ ತಿರುಗುತ್ತಾರೆ. ಮಾರುತೇಶ ರಾಯದುರ್ಗದ ಕಡೆಯ ಹುಡುಗಿಯನ್ನು ಮದುವೆಯಾಗಿ, ಎರಡು ಮಕ್ಕಳ ಜೊತೆ ಮಿಲ್ಲಿನ ಹಿಂದಿನ ಕೋಣೆಯಲ್ಲೇ ಸಂಸಾರ ಹೂಡಿರುವವನು. ಕೆಲಸ ಹೋದರೆ ಮನೆಯೂ ಹೋಯಿತು. "ಒಳ್ಳೇ ಗೇಜು ಗುಜರಿಗೆ ಹಾಕಿ ಹಳೇದು ಸಿಗಿಸಿದ್ಯೇನಲೇ? ಹೋದ ತಿಂಗ್ಳು ಹಿತ್ತಾಳೆ ನಲ್ಲಿ ಕಾಣೆಯಾದಾಗ್ಲೇ ನಂಗೆ ಅನ್ಸಿತ್ತು" ಎಂದು ಮಹಾಂತೇಶ್ ಎಲ್ಲರೆದುರೇ ಕೇಳುತ್ತಾರೆ. ಮಾರುತೇಶ ನೆಲ ನೋಡುತ್ತಾನೆ, ಮಾತಿಲ್ಲ. ಕಾಳು ಹಸನು ಮಾಡುತ್ತಿದ್ದ ಹೆಂಗಸರ ಕೈ ನಿಲ್ಲುತ್ತದೆ. ಮಾತಾಡದವನ ಮೇಲೆ ಅನುಮಾನ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಆ ಮುಖಗಳಲ್ಲೇ ಓದಬಹುದು.

ಗಂಗಾಂಬಿಕಾ ಅವರಿಗೂ ಅನುಮಾನ ಬಾರದೆ ಇಲ್ಲ. ಅದೇನೂ ಮುಚ್ಚಿಡುವಂಥದ್ದಲ್ಲ ಎನ್ನುತ್ತಾರೆ. ಆದರೆ ಅವರ ಕೆಲಸದ ರೀತಿಯೇ ಬೇರೆ. "ಇನ್ನೂ ಮೂರು ಅದಾವೆ. ಅವನ್ನ ನೋಡ್ದೆ ಮಾತು ಬೇಡ" ಎಂದು ಎರಡನೆಯ ಕೆಟಲ್ಲಿಗೆ ಹೋಗುತ್ತಾರೆ. ಉಳಿದ ಗೇಜುಗಳ ನಂಬರು ಕಾಣುತ್ತಿಲ್ಲ. ಆಯುಧಪೂಜೆಯ ದಿನ ಬಳಿದ ವಿಭೂತಿ, ಕುಂಕುಮ ಅಂಚಿನ ಮೇಲೆ ಗಟ್ಟಿಯಾಗಿ ಕೂತಿವೆ. ಒರೆಸಿ ಎಂದರೆ ಯಾರೂ ಮುಂದೆ ಬರುವುದಿಲ್ಲ. ದೇವರ ಗುರುತನ್ನು ಅಳಿಸುವವರು ಯಾರು? ಕೊನೆಗೆ ಗಂಗಾಂಬಿಕಾ ತಾವೇ ಗೇಜು ಮುಟ್ಟಿ ಕಣ್ಣಿಗೊತ್ತಿಕೊಂಡು ಸೆರಗಿನಿಂದ ಒರೆಸುತ್ತಾರೆ. ಒಂದಾದ ಮೇಲೊಂದು ನಂಬರು ಹೊರಬರುತ್ತದೆ. ಹಲಗೆಯ ಮೇಲಿನ ನಾಲ್ಕೂ ನಂಬರು ಇಲ್ಲಿಯೇ ಇವೆ. ಯಾವುದೂ ಗುಜರಿಗೆ ಹೋಗಿಲ್ಲ, ಅದಲುಬದಲಾಗಿ ಕೂತಿವೆ ಅಷ್ಟೆ.

ಕಳ್ಳತನದ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಹಾಂತೇಶ್ ಅವರ ಸಿಟ್ಟಿಗೆ ಒಂದು ಕುತ್ತಿಗೆ ಬೇಕಾಗಿದೆ. ಗೇಜು ಬಿಚ್ಚಕೂಡದೆಂದು ಹೋದ ವರ್ಷವೇ ಅವರು ಬೋರ್ಡು ಬರೆಸಿದ್ದರು. "ಹಂಗಾದ್ರೆ ಬಿಚ್ಚಿದ್ಯಾರು? ನೀನೇ ಏನು?"

"ಹೂಂ ರಿ. ನಾನೇ ಬಿಚ್ಚಿದ್ದು, ತೊಳೆಯಾಕೆ" ಎನ್ನುತ್ತಾನೆ ಮಾರುತೇಶ.

"ಯಾತರಾಗೆ ತೊಳ್ದೆಪ್ಪ?" ಗಂಗಾಂಬಿಕಾ ಕೇಳುತ್ತಾರೆ.

"ಸೋಪಿನ ಪುಡೀಲಿ."

ಅಷ್ಟು ಹೊತ್ತು ಬಾಯಿ ಬಿಡದವನು ಇಷ್ಟು ಸಲೀಸಾಗಿ ಒಪ್ಪಿಕೊಂಡನೇ? ಗಂಗಾಂಬಿಕಾ ಅವರಿಗೆ ಇದೇ ಹಿಡಿಸುವುದಿಲ್ಲ. ಉರಿ ನಿಲ್ಲಿಸಿದ್ದ ನಾಲ್ಕನೆಯ ಕೆಟಲ್ಲಿನ ಗೇಜನ್ನು ಅವನ ಕೈಯಲ್ಲೇ ಬಿಚ್ಚಿಸುತ್ತಾರೆ. ಹಿತ್ತಾಳೆಯ ತಿರುಪು ಪೂಜೆಯ ಸಾಮಾನಿನಂತೆ ಫಳಫಳ ಹೊಳೆಯುತ್ತಿದೆ. ತಿರುಪಿನ ಸಂದಿಯಲ್ಲಿ ಕಂದು ನಾರೊಂದು ಸಿಕ್ಕಿಕೊಂಡಿದೆ. ಉಗುರಿನಲ್ಲಿ ಎಳೆದು ನೋಡುತ್ತಾರೆ, ಹುಣಸೆಹಣ್ಣಿನ ನಾರು. ಪಾನ, ಅಂದರೆ ಸ್ಪ್ಯಾನರ್, ಹಿಡಿಯುವ ಫಿಟ್ಟರ್ ಯಾವನೂ ಹುಣಸೆಹಣ್ಣು ಕಿವುಚಿ ಗೇಜು ತಿಕ್ಕುವುದಿಲ್ಲ. ಇವನು ಸುಳ್ಳು ಹೇಳುತ್ತಿದ್ದಾನೆ, ಅದೂ ಬೇರೆ ಯಾರದೋ ಸಲುವಾಗಿ. ಯಾರಿಗಾಗಿ ಎಂಬುದು ಮಾತ್ರ ಇನ್ನೂ ತಿಳಿದಿಲ್ಲ.

"ಪಾನ ಇಟ್ಟು ನಡಿ" ಎಂದು ಮಹಾಂತೇಶ್ ಅಷ್ಟರಲ್ಲಿ ಹೇಳಿಯಾಗಿದೆ. ಗಂಗಾಂಬಿಕಾ ಅಡ್ಡ ಬರುತ್ತಾರೆ. "ಆಡಿಟ್ ಮುಗಿಯೋತನ ಇವ್ನು ಇಲ್ಲೇ ಇರ್ಬೇಕು ಯಜಮಾನ್ರೇ. ನಂಗೆ ಇವ್ನತ್ರ ಕೇಳೋದು ಐತೆ." ಅವನನ್ನು ಉಳಿಸಬೇಕೆಂದು ಹಾಗೆ ಹೇಳಿದ್ದೇ ಎಂದು ಆಮೇಲೆ ಕೇಳಿದರೆ, ಇಲ್ಲ ಎಂದು ತಲೆಯಾಡಿಸುತ್ತಾರೆ. ಕೇಳುವುದು ನಿಜವಾಗಿಯೂ ಇತ್ತಂತೆ.

ಮಧ್ಯಾಹ್ನ ಆಫೀಸಿಗೆ ತಿಪ್ಪೇರುದ್ರಮ್ಮ ಬರುತ್ತಾರೆ. ಮಿಲ್ಲು ಕಟ್ಟಿದ ಅಜ್ಜಪ್ಪನವರ ಹೆಂಡತಿ, ಮಹಾಂತೇಶ್ ಅವರ ತಾಯಿ. ಅಜ್ಜಪ್ಪನವರು ಈಗ ಮನೆ ಬಿಟ್ಟು ಬರುವುದಿಲ್ಲ. ಈಕೆ ಮಾತ್ರ ದಿನಕ್ಕೊಮ್ಮೆ ಮಿಲ್ಲು ಸುತ್ತದಿದ್ದರೆ ಊಟ ಸೇರದವರು. ಕೈಯಲ್ಲಿ ಹಿತ್ತಾಳೆ ತಟ್ಟೆ. ಅದರಲ್ಲಿ ಅಕ್ಕಿ, ಕೊಬ್ಬರಿ, ಎಲೆಯಡಿಕೆ, ಕುಬಸದ ಕಣವೆಂಬ ರವಿಕೆ ಬಟ್ಟೆ. ಮನೆ ಬಾಗಿಲಿಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ಕಣದ ಕೆಳಗಿಂದ ರೇಷ್ಮೆಯ ಅಂಚೊಂದು ಇಣುಕುತ್ತಿದೆ. ಮೊಳಕಾಲ್ಮೂರಿನಿಂದ ಬಂದವಳಿಗೇ ಮೊಳಕಾಲ್ಮೂರು ಸೀರೆ! ಇದು ಹಾರೈಕೆಯೋ, ಆಮಿಷವೋ? ಗಂಗಾಂಬಿಕಾ ಅವರ ಇಷ್ಟು ವರ್ಷದ ಕೆಲಸದಲ್ಲಿ ಅತ್ಯಂತ ಕಷ್ಟದ ಗಳಿಗೆ ಇದೇ. ಬೇಡವೆಂದರೆ ಹಿರಿಯರಿಗೆ ಅವಮಾನ, ಹೂಂ ಎಂದರೆ ತನ್ನ ಹೆಸರಿಗೆ ಮಸಿ. ಅವರು ಕಂಡುಕೊಂಡ ದಾರಿ ಸರಳವಾಗಿದೆ. ಎದ್ದು ನಿಂತು ಕುಂಕುಮ ಹಚ್ಚಿಸಿಕೊಳ್ಳುತ್ತಾರೆ, ಸೆರಗೊಡ್ಡುತ್ತಾರೆ, ಕಣ್ಣಿಗೊತ್ತಿಕೊಂಡು ಎಲ್ಲವನ್ನೂ ಮತ್ತೆ ತಟ್ಟೆಗೇ ಸುರಿಯುತ್ತಾರೆ. "ಉಡೀನಾಗಿಂದು ಒಂದು ಹಿಡಿ ವಾಪಸ್ ಹಾಕೋ ರೂಢಿ ಐತಲ್ಲ ಅಮ್ಮಾರೇ. ನಾನು ಸ್ವಲ್ಪ ಜಾಸ್ತಿ ಹಾಕ್ತೀನಿ, ಅಷ್ಟೆ."

ತಿಪ್ಪೇರುದ್ರಮ್ಮನವರಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಗಂಗಾಂಬಿಕಾ ಅವರ ಕಣ್ಣು ತಟ್ಟೆಯ ಮೇಲೆ ನಿಂತಿದೆ. ಗೇಜಿನ ತಿರುಪಿನದೇ ಹೊಳಪು.

"ತಟ್ಟೆ ಏನು ಚಂದ ತಿಕ್ಕೀರಿ ಅಮ್ಮಾರೇ. ಹುಣಸೆಹಣ್ಣಲ್ಲಾ?"

"ಮತ್ತೇನ್ ತಾಯಿ, ಆ ಪುಡಿಗಿಡಿ ನಾನು ಮುಟ್ಟಲ್ಲ."

"ಆಯುಧಪೂಜೆಗೆ ಕೆಟಲ್ಲಿನ ಗಡಿಯಾರನೂ ನೀವೇ ತಿಕ್ಕಿದ್ರಾ?"

ಮಹಾಂತೇಶ್ ತಾಯಿಯ ಮುಖ ನೋಡುತ್ತಾರೆ. ಬಾಗಿಲ ಬಳಿ ನಿಂತ ಮಾರುತೇಶ ಮೊದಲ ಸಲ ತಲೆ ಎತ್ತಿ, "ಇಲ್ಲ ಮೇಡಂ, ನಾನೇ..." ಎಂದು ಶುರುಮಾಡುತ್ತಾನೆ.

"ನೀನು ಸುಮ್ನಿರು" ಎಂದು ತಿಪ್ಪೇರುದ್ರಮ್ಮ ಅವನ ಬಾಯಿ ಮುಚ್ಚಿಸುತ್ತಾರೆ. "ನಾನೇ ಬಿಚ್ಚಿಸಿದ್ದು. ಹುಡ್ಗ ಬ್ಯಾಡ ಅಂದ. ಯಾರ್ಗೂ ಹೇಳ್ಬ್ಯಾಡ ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ. ಒಂದು ವರ್ಷ ನಮ್ಮ ಯಜಮಾನ್ರು ಆಸ್ಪತ್ರೆಯಾಗೆ ಇದ್ರು, ಪೂಜೆ ತಪ್ತು. ಆ ವರ್ಷಾನೇ ನಮ್ಮ ಆಳು ದೊಡ್ಡೀರಪ್ಪನ ಬೆರಳು ಬೆಲ್ಟಿಗೆ ಹೋಗಿದ್ದು. ಎಲ್ಲಾನೂ ತಿಕ್ಕಿ ತೊಳ್ದು ಪೂಜೆ ಮಾಡಿ ಆ ನಾಕನ್ನ ಹೆಂಗ್ ಬಿಡ್ಲಿ? ಮಗ ಬೋರ್ಡು ಬರೆಸ್ಯಾನೆ ಅಂತ ಕದ್ದು ಮಾಡಿದೆ." ಸ್ವಲ್ಪ ತಡೆದು, ಮಗನ ಕಡೆ ತಿರುಗುತ್ತಾರೆ. "ಈಗ ಹೇಳು, ನನ್ನ ಕಳಿಸ್ತೀಯಾ ಮನೆಗೆ?"

ಬೇರೆ ಆಡಿಟರ್ ಯಾರೇ ಆಗಿದ್ದರೂ ಇಷ್ಟಕ್ಕೆ ಸಮಾಧಾನವಾಗಿ ಪೆನ್ನು ತೆಗೆಯುತ್ತಿದ್ದರು. ಗಂಗಾಂಬಿಕಾ ತೆಗೆಯುವುದಿಲ್ಲ. ಹುಡುಗನನ್ನು ಕಾಪಾಡಲು ಈ ಹಿರಿಯ ಜೀವವೇ ಸುಳ್ಳು ಹೇಳುತ್ತಿದ್ದರೆ? ಎದ್ದು ಹೋಗಿ ಉಳಿದ ಕೆಟಲ್‌ಗಳ ಉರಿಯನ್ನೂ ಒಂದೊಂದಾಗಿ ನಿಲ್ಲಿಸಿ, ಮೂರು ಗೇಜುಗಳನ್ನೂ ಬಿಚ್ಚಿಸಿ ನೋಡುತ್ತಾರೆ. ಮೂರರಲ್ಲೂ ಅದೇ ಹೊಳಪು. ಒಂದರ ಸಂದಿಯಲ್ಲಿ ಹುಣಸೆಯ ಸಿಪ್ಪೆಯ ಚೂರೇ ಸಿಗುತ್ತದೆ. ಇದನ್ನೆಲ್ಲ ನೋಡುತ್ತ ನಿಂತ ತಿಪ್ಪೇರುದ್ರಮ್ಮ, "ನನ್ನ ಮಾತೂ ನಂಬಲ್ಲೇನವ್ವ ನೀನು" ಎನ್ನುತ್ತಾರೆ. "ಬೇಜಾರಾಗ್ಬೇಡ್ರಿ ಅಮ್ಮಾರೇ. ನಮ್ಮವ್ವ ಹೇಳಿದ್ರೂ ಬಿಚ್ಚಿಸ್ತಿದ್ದೆ" ಎಂಬುದು ಗಂಗಾಂಬಿಕಾ ಅವರ ಸಮಾಧಾನ.

ಗೇಜುಗಳನ್ನು ಬಿಚ್ಚಿ ಹಾಕಲು ಕ್ರಮವಿಲ್ಲ ಎಂದು ಹೋದ ವರ್ಷದ ವರದಿಯಲ್ಲಿ ಬರೆದವರು ಇದೇ ಗಂಗಾಂಬಿಕಾ. ಅದಕ್ಕೆ ಪರಿಹಾರವೆಂದು ಮಹಾಂತೇಶ್ ಬೋರ್ಡು ಬರೆಸಿದರು, ಇವರು ಅದನ್ನು ಒಪ್ಪಿದರು. ಪೂಜೆ ನಿಲ್ಲಲಿಲ್ಲ, ಕತ್ತಲಿಗೆ ಹೋಯಿತು ಅಷ್ಟೆ. ಗಡಿಬಿಡಿಯಲ್ಲಿ, ಮಗನ ಕಣ್ಣು ತಪ್ಪಿಸಿ, ಗೇಜುಗಳು ಸಿಕ್ಕಸಿಕ್ಕಲ್ಲಿ ಕೂತವು. "ಆ ಬೋರ್ಡು ಒಪ್ಪಬಾರದಿತ್ತು ನಾನು. ಇವ್ರ ಮನೇಲಿ ಆಯುಧಪೂಜೆ ಬಿಡ್ತಾರೆ ಅಂತ ಯಾರಾದ್ರೂ ನಂಬ್ತಾರೇನ್ರಿ? ಅವತ್ತು ನಂಗೆ ಅನುಮಾನ ಕಮ್ಮಿ ಬಿತ್ತು" ಎಂದು ಆಕೆ ನಿಜವಾಗಿಯೂ ನೊಂದುಕೊಂಡೇ ಹೇಳುತ್ತಾರೆ.

ಈ ಸಲವೂ ಮಹಾಂತೇಶ್, "ಗೇಜಿಗೆಲ್ಲ ಬೀಗ ಹಾಕಿಸ್ತೀನಿ" ಎಂದು ಹೊರಡುತ್ತಾರೆ. ಗಂಗಾಂಬಿಕಾ ಏನೂ ಹೇಳುವಂತಿಲ್ಲ. ತಪ್ಪು ತೋರಿಸುವುದಷ್ಟೇ ಅವರ ಕೆಲಸ, ದಾರಿ ಹೇಳಿಕೊಡುವಂತಿಲ್ಲ ಎಂಬುದು ನಿಯಮ. ಆದರೆ ಒಪ್ಪದೆ ಇರಬಹುದಲ್ಲ. ಪೆನ್ನು ಮುಟ್ಟದೆ ಕೂತು ಅವರ ಮುಖ ನೋಡುತ್ತಾರೆ. ಕೊನೆಗೆ ಮಾರುತೇಶನೇ ಬಾಯಿ ಬಿಡುತ್ತಾನೆ: ಪೂಜೆಯ ದಿನ ಮಿಲ್ಲು ಹೇಗೂ ನಿಂತಿರುತ್ತದೆ, ಒಂದು ಗೇಜು ಬಿಚ್ಚಿ, ತಿಕ್ಕಿ, ಪೂಜೆ ಮಾಡಿ, ಅದೇ ಕೆಟಲ್ಲಿಗೆ ಕೂರಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ಹೇಗೆ? ನಂಬರಿನ ಮೇಲೆ ವಿಭೂತಿ ಬೇಡ, ಹಿಂದಕ್ಕೆ ಹಚ್ಚೋಣ. "ದೇವ್ರಿಗೂ ಪಾಳಿ ಹಚ್ತೀರಾ" ಎಂದು ತಿಪ್ಪೇರುದ್ರಮ್ಮ ಗೊಣಗುತ್ತಾರೆ, ಆದರೆ ಬೇಡವೆನ್ನುವುದಿಲ್ಲ. ಮಹಾಂತೇಶ್ ಒಪ್ಪುತ್ತಾರೆ. ಗೇಜುಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಹಬ್ಬದಿಂದೀಚೆಗೆ ತೆಗೆದ ಎಣ್ಣೆಯ ಮಾದರಿಗಳನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕೆಂದು ತೀರ್ಮಾನವಾಗುತ್ತದೆ. ಸರ್ಟಿಫಿಕೇಟು ಸದ್ಯಕ್ಕೆ ಗೋಡೆಯ ಮೇಲೇ ಉಳಿಯುತ್ತದೆ.

ವರದಿ ಓದಿದ ಮಹಾಂತೇಶ್ ಅವರಿಗೆ ಒಂದು ಸಂಶಯ. "ತಪ್ಪು ಬರೆದೀರಿ, ಯಾರ್ದು ಅಂತ ಬರೆದಿಲ್ವಲ್ಲ?"

"ಗೇಜು ಬಿಚ್ಚಿ ಹಾಕೋ ಪದ್ಧತಿ ಸರಿಯಿಲ್ಲ ಅಂತ ಬರೆದೀನಿ. ಅದರಾಗೆ ಹೆಸರಿಗೆ ಏನು ಕೆಲ್ಸ ಯಜಮಾನ್ರೇ?" ಎಂದು ಗಂಗಾಂಬಿಕಾ ಚೀಲ ಹೆಗಲಿಗೇರಿಸುತ್ತಾರೆ. ತಾನು ಬರೆದ ಒಂದು ಸಾಲಿಗೆ ಹಿಂದೆ ಇನ್ನೊಂದು ಕಾರ್ಖಾನೆಯಲ್ಲಿ ಒಬ್ಬಳ ಕೆಲಸ ಹೋಗಿತ್ತಂತೆ. ಆಮೇಲಿಂದ ಸಂಜೆ ಹೊರಡುವ ಮುಂಚೆ ಮಾಲೀಕರ ಮುಖವನ್ನೂ ಒಮ್ಮೆ ಆಡಿಟ್ ಮಾಡಿಯೇ ಹೊರಡುವುದು ರೂಢಿಯಾಗಿದೆ. ಮಹಾಂತೇಶ್ ಆ ನೋಟಕ್ಕೆ ಸ್ವಲ್ಪ ಇರಿಸುಮುರಿಸಾಗಿ, "ಮಾರುತೇಶ ಎಲ್ಲೂ ಹೋಗಲ್ಲ ಬಿಡ್ರಿ" ಎನ್ನುತ್ತಾರೆ. ಅಷ್ಟನ್ನು ತಾಯಿಯ ಎದುರಿಗೇ ಇನ್ನೊಮ್ಮೆ ಹೇಳಿಸಿದ ಮೇಲೆಯೇ ಗಂಗಾಂಬಿಕಾ ಹೊಸಿಲು ದಾಟುತ್ತಾರೆ.

ಮಾರುತೇಶ ಗೇಟಿನವರೆಗೂ ಬರುತ್ತಾನೆ. ಮೊಳಕಾಲ್ಮೂರಿನ ಬಸ್ಸು ಬರಲು ಇನ್ನೂ ಹೊತ್ತಿದೆ.

"ಎಲ್ರೂ ಕಳ್ಳ ಅಂದ್ಕೊಂಡ್ರು ಅಕ್ಕಾರೆ. ನೀವೊಬ್ರು ನನ್ನ ನಂಬಿದ್ರಿ" ಎನ್ನುತ್ತಾನೆ.

ಗಂಗಾಂಬಿಕಾ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾರೆ.

"ನಿನ್ನ ನಂಬ್ಲಿಲ್ಲ ಕಣಪ್ಪ ನಾನು" ಎನ್ನುತ್ತಾರೆ. "ನಿನ್ನ ಮೇಲೆ ಬಂದ ಅನುಮಾನ ಐತಲ್ಲ, ಅದನ್ನೂ ನಂಬ್ಲಿಲ್ಲ."